ಸಮವಸ್ತ್ರದ ನಿಯಮ ಎಷ್ಟು ಬಿಗಿಯಾಗಿರಬೇಕು?

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ನಮ್ಮ ಹಿರಿಯರ ಗಾದೆ. ತಿನ್ನುವುದು ನಮ್ಮ ನಾಲಿಗೆಗೆ ಹಿಡಿಸಿದರೆ ಸಾಕು. ಉಡುವುದು ಮಾತ್ರ ನಾಲ್ಕು ಜನರ ಕಣ್ಣಿಗೂ ಒಪ್ಪಬೇಕು. ಶಾಲೆಯಲ್ಲಿ ಆ ‘ನಾಲ್ಕು ಜನ’ ಎಂದರೆ ನಿಯಮ ಪುಸ್ತಕ, ತರಗತಿ ಶಿಕ್ಷಕರು ಮತ್ತು ಬೆಳಗಿನ ಪ್ರಾರ್ಥನೆಯ ಸಾಲು.

ಇಲ್ಲಿ ಮಸ್ಕತ್‌ನಲ್ಲಿ ನಮ್ಮ ಮಕ್ಕಳ ಬಸ್ಸು ಮುಂಜಾನೆಯೇ ಬಂದು ನಿಲ್ಲುತ್ತದೆ. ಅಷ್ಟರೊಳಗೆ ಮನೆ ಮನೆಯಲ್ಲೂ ಒಂದು ಸಣ್ಣ ಯುದ್ಧ ಮುಗಿದಿರುತ್ತದೆ. “ಅಮ್ಮಾ, ನನ್ನ ಬೆಲ್ಟ್ ಎಲ್ಲಿ?”, “ಅಪ್ಪಾ, ಶೂ ಪಾಲಿಶ್ ಮುಗಿದಿದೆ”, “ಇವತ್ತು ಬಿಳಿ ಡ್ರೆಸ್ಸಾ, ಮಾಮೂಲಿ ಡ್ರೆಸ್ಸಾ?” ಇಷ್ಟೆಲ್ಲ ಆದಮೇಲೂ ಒಂದು ದಿನ ಏನಾದರೂ ತಪ್ಪಿಯೇ ತಪ್ಪುತ್ತದೆ. ಆ ದಿನ ಶಾಲೆ ಏನು ಮಾಡಬೇಕು? ಚರ್ಚಾಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಬರುವ ಈ ವಿಷಯವನ್ನು ಈ ಪಾಠದಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಪದದೊಳಗಿನ ಅರ್ಥ

ಇಂಗ್ಲಿಷಿನ ‘ಯೂನಿಫಾರ್ಮ್’ ಎಂಬ ಪದಕ್ಕೆ ‘ಒಂದೇ ರೂಪ’ ಎಂದು ಅರ್ಥ. ಕನ್ನಡದ ‘ಸಮವಸ್ತ್ರ’ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ‘ಸಮ’ ಎಂದರೆ ಒಂದೇ ತೆರನಾದದ್ದು ಎಂದೂ ಆಗುತ್ತದೆ, ಸರಿಸಮಾನ ಎಂದೂ ಆಗುತ್ತದೆ. ಒಂದೇ ಬಣ್ಣದ ಬಟ್ಟೆ ತೊಟ್ಟವರೆಲ್ಲ ಸಮಾನರು ಎಂಬ ಭಾವನೆ ಆ ಪದದಲ್ಲೇ ಇದೆ. ಈ ಎರಡನೆಯ ಅರ್ಥವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ; ಪಾಠದ ಕೊನೆಯಲ್ಲಿ ಅದು ಬೇಕಾಗುತ್ತದೆ.

ಸಮವಸ್ತ್ರ ಎಲ್ಲಿಂದ ಬಂತು?

ಶಾಲಾ ಸಮವಸ್ತ್ರದ ಕಥೆ ಹೇಳುವವರು ಸಾಮಾನ್ಯವಾಗಿ ಲಂಡನ್ನಿನಿಂದ ಆರಂಭಿಸುತ್ತಾರೆ. ಅಲ್ಲಿ 1552ರಲ್ಲಿ ಬಡ ಮತ್ತು ಅನಾಥ ಮಕ್ಕಳಿಗಾಗಿ ‘ಕ್ರೈಸ್ಟ್ಸ್ ಹಾಸ್ಪಿಟಲ್’ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಹೆಸರು ಆಸ್ಪತ್ರೆಯದಾದರೂ ಅದು ಶಾಲೆ. ಅಲ್ಲಿನ ಮಕ್ಕಳಿಗೆ ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲ. ಆ ಕಾಲದಲ್ಲಿ ನೀಲಿ ಬಣ್ಣ ಅಗ್ಗವಾಗಿತ್ತೆಂದು ಹೇಳುತ್ತಾರೆ. ಈ ಶಾಲೆ 1902ರಲ್ಲಿ ಸಸೆಕ್ಸ್ ಪ್ರಾಂತದ ಹಾರ್ಶಮ್‌ಗೆ ಸ್ಥಳಾಂತರವಾಯಿತು. ಆದರೆ ನೀಲಿ ಕೋಟು ಮಾತ್ರ ಬದಲಾಗಲಿಲ್ಲ.

ಇದರಲ್ಲಿ ಒಂದು ವಿಚಿತ್ರವಿದೆ. ಮೊದಲು ಸಮವಸ್ತ್ರ ಬಡತನದ ಗುರುತಾಗಿತ್ತು. ಧರ್ಮಶಾಲೆಯ ಮಗು ಎಂದು ದೂರದಿಂದಲೇ ತಿಳಿಯುತ್ತಿತ್ತು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರ ಶಾಲೆಗಳೂ ತಮ್ಮ ತಮ್ಮ ಉಡುಪನ್ನು ಗೊತ್ತುಮಾಡಿಕೊಂಡಾಗ ಅದೇ ಸಮವಸ್ತ್ರ ಪ್ರತಿಷ್ಠೆಯ ಗುರುತಾಯಿತು. ಬ್ರಿಟಿಷರ ಕಾಲದಲ್ಲಿ ಟೈ, ಬ್ಲೇಜರ್‌ಗಳ ರೂಪದಲ್ಲಿ ಅದು ಭಾರತಕ್ಕೂ ಬಂತು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಓದಿದ ಎಷ್ಟೋ ಪೋಷಕರಿಗೆ ಬಿಳಿ ಅಂಗಿ, ಖಾಕಿ ಚಡ್ಡಿ, ನೀಲಿ ಲಂಗ ನೆನಪಿರಬಹುದು. ಬೆಳೆಯುವ ಮಗುವೆಂದು ಮಡಿಕೆ ಬಿಟ್ಟು ಹೊಲಿಸುವುದು, ವರ್ಷವರ್ಷವೂ ಒಂದೊಂದು ಮಡಿಕೆ ಬಿಚ್ಚುವುದು, ಅಣ್ಣನಿಗೆ ಗಿಡ್ಡವಾದದ್ದು ತಮ್ಮನಿಗೆ ಬರುವುದು, ಇದೆಲ್ಲ ಆಗಿನ ಸಮವಸ್ತ್ರದ ಅರ್ಥಶಾಸ್ತ್ರ. ಈಗ ಕರ್ನಾಟಕ ಸರ್ಕಾರವೇ ತನ್ನ ಶಾಲೆಗಳ ಮಕ್ಕಳಿಗೆ ಉಚಿತ ಸಮವಸ್ತ್ರ ಕೊಡುತ್ತದೆ. 2015-16ರಲ್ಲಿ ಶೂ ಮತ್ತು ಕಾಲುಚೀಲ ಕೊಡುವ ಯೋಜನೆಯೂ ಸೇರಿಕೊಂಡಿತು. ನಿಯಮ ಮಾಡುವವರು ಬಟ್ಟೆಯನ್ನೂ ಕೊಟ್ಟರೆ ಅದನ್ನು ಪಾಲಿಸುವುದು ಎಷ್ಟು ಸುಲಭ ನೋಡಿ!

ಬಿಗಿಯಾಗಿಯೇ ಇರಲಿ ಎನ್ನುವವರ ವಾದ

ಮೊದಲನೆಯದು ಸಮಾನತೆ. ನಮ್ಮಂಥ ಸಮುದಾಯ ಶಾಲೆಯಲ್ಲಿ ದೊಡ್ಡ ಕಂಪನಿಯ ವ್ಯವಸ್ಥಾಪಕರ ಮಗಳೂ ಸಣ್ಣ ಅಂಗಡಿಯ ಗುಮಾಸ್ತರ ಮಗಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಬಣ್ಣದ ಬಟ್ಟೆಗೆ ಅವಕಾಶ ಕೊಟ್ಟರೆ ಯಾರ ಮನೆಯ ಸಂಬಳ ಎಷ್ಟು ಎಂಬುದು ಒಂದೇ ವಾರದಲ್ಲಿ ಇಡೀ ತರಗತಿಗೆ ಗೊತ್ತಾಗುತ್ತದೆ.

ಎರಡನೆಯದು ಸುರಕ್ಷತೆ. ಪ್ರವಾಸಕ್ಕೆ ಹೋದಾಗ, ಬಸ್ಸು ಹತ್ತಿಸುವಾಗ, ಜನಜಂಗುಳಿಯಲ್ಲಿ ನಮ್ಮ ಮಕ್ಕಳು ಯಾರೆಂದು ಬೇಗ ಗುರುತಿಸಬಹುದು. ಮೂರನೆಯದು ಉಳಿತಾಯ. ಇವತ್ತು ಏನು ಹಾಕಿಕೊಳ್ಳಲಿ ಎಂಬ ಚಿಂತೆಯೂ ಇಲ್ಲ, ಖರ್ಚೂ ಇಲ್ಲ. ನಾಲ್ಕನೆಯದು ಅಭ್ಯಾಸ. ಹೊತ್ತಿಗೆ ಸರಿಯಾಗಿ, ಶುಚಿಯಾಗಿ, ಒಪ್ಪವಾಗಿ ಹೊರಡುವುದನ್ನು ಕಲಿತ ಮಗುವಿಗೆ ಅದು ಜೀವನಪೂರ್ತಿ ಉಳಿಯುತ್ತದೆ.

ಇನ್ನೂ ಒಂದು ಮಾತನ್ನು ಅವರು ಹೇಳುತ್ತಾರೆ: ಒಬ್ಬರಿಗೆ ಬಿಟ್ಟರೆ ನಾಳೆ ಹತ್ತು ಜನ ಕೇಳುತ್ತಾರೆ. ಇವತ್ತು ಬಣ್ಣದ ಶೂ ಬಂದರೆ ನಾಳೆ ದುಬಾರಿ ಕಂಪನಿಯ ಶೂ ಬರುತ್ತದೆ. ಈ ಮಾತಿನಲ್ಲಿ ಸತ್ಯವಿದೆ. ಕೆಲವರಿಗಷ್ಟೇ ಅನ್ವಯಿಸುವ ನಿಯಮ ನಿಯಮವೇ ಅಲ್ಲ.

ಅಷ್ಟು ಬಿಗಿ ಬೇಡ ಎನ್ನುವವರ ವಾದ

ಬಟ್ಟೆಯಿಂದ ವಿದ್ಯೆ ಬರುವುದಿಲ್ಲ ಎಂಬುದು ಇವರ ಮೊದಲ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಗರದ ಸಾರ್ವಜನಿಕ ಶಾಲೆಗಳು 1994ರಲ್ಲಿ ಪ್ರಾಥಮಿಕ ಮತ್ತು ಮಾಧ್ಯಮಿಕ ತರಗತಿಗಳಿಗೆ ಸಮವಸ್ತ್ರ ಕಡ್ಡಾಯ ಮಾಡಿದವು. ಜಗಳ, ಹೊಡೆದಾಟ ಕಡಿಮೆಯಾಯಿತೆಂದು ಸುದ್ದಿಯಾಯಿತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಕೂಡ ಸಮವಸ್ತ್ರದ ಪರ ಮಾತನಾಡಿದರು. ಆದರೆ 1998ರಲ್ಲಿ ಡೇವಿಡ್ ಬ್ರನ್ಸ್‌ಮಾ ಮತ್ತು ಕೆರಿ ಆನ್ ರಾಕ್‌ವೆಮೋರ್ ಎಂಬ ಸಂಶೋಧಕರು ಹತ್ತನೆಯ ತರಗತಿಯ ಅಮೆರಿಕನ್ ವಿದ್ಯಾರ್ಥಿಗಳ ಅಂಕಿ ಅಂಶಗಳನ್ನು ಪರಿಶೀಲಿಸಿದಾಗ, ಸಮವಸ್ತ್ರದಿಂದ ಹಾಜರಾತಿಯಾಗಲಿ ನಡತೆಯಾಗಲಿ ಸುಧಾರಿಸಿದ್ದು ಕಂಡುಬರಲಿಲ್ಲ. ಸಮವಸ್ತ್ರ ಒಳ್ಳೆಯದೇ ಇರಬಹುದು, ಆದರೆ ಅದು ಮಂತ್ರದಂಡವಲ್ಲ ಎಂದಾಯಿತು.

ಎರಡನೆಯ ಮಾತು ಖರ್ಚಿನದು. ಸಮವಸ್ತ್ರ ಉಳಿತಾಯ ನಿಜ. ಆದರೆ ಶಾಲೆಯ ಲಾಂಛನವಿರುವ ಅಂಗಿ, ಲಾಂಛನವಿರುವ ಸ್ವೆಟರ್, ಲಾಂಛನವಿರುವ ಚೀಲ, ಅದೂ ಒಂದೇ ಅಂಗಡಿಯಲ್ಲಿ ಎಂದಾಗ ಉಳಿತಾಯದ ಮಾತು ಎಲ್ಲಿ ಉಳಿಯಿತು? ಇಂಗ್ಲೆಂಡ್ ಇದಕ್ಕಾಗಿಯೇ 2021ರಲ್ಲಿ ಒಂದು ಕಾಯಿದೆ ಮಾಡಿತು. ಅದರಡಿ ಹೊರಟ ಸೂಚನೆಗಳ ಪ್ರಕಾರ ಅಲ್ಲಿನ ಶಾಲೆಗಳು ಲಾಂಛನವಿರುವ ಬಟ್ಟೆಗಳನ್ನು ಆದಷ್ಟು ಕಡಿಮೆ ಮಾಡಬೇಕು.

ಮೂರನೆಯದು ಹವಾಮಾನ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ನಮ್ಮ ಬಸ್ಸು ಹೋಗುವ ದಾರಿಯಲ್ಲಿ ಒಮಾನಿ ಸರ್ಕಾರಿ ಶಾಲೆಯ ಹುಡುಗರನ್ನು ನೋಡಿ: ಮೈಗೆ ಸಡಿಲವಾದ ಬಿಳಿ ದಿಶ್‌ದಾಶಾ, ತಲೆಗೆ ಕುಮ್ಮಾ ಟೋಪಿ. ಅದೂ ಸಮವಸ್ತ್ರವೇ. ಆದರೆ ಅದು ಈ ನೆಲದ ಬಿಸಿಲನ್ನು ತಿಳಿದ ಸಮವಸ್ತ್ರ.

ಲೋಕದ ನಾಲ್ಕು ಪ್ರಸಂಗಗಳು

ವಾದಗಳನ್ನು ಕೇಳಿದೆವು. ಈಗ ನಿಜವಾಗಿ ನಡೆದ ನಾಲ್ಕು ಪ್ರಸಂಗಗಳನ್ನು ನೋಡೋಣ.

ಒಂದು: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಬ್ಬ ಸಿಖ್ ಹುಡುಗನಿಗೆ, ಪೇಟ ತೆಗೆದು ಕೂದಲು ಕತ್ತರಿಸದ ಹೊರತು ಪ್ರವೇಶವಿಲ್ಲ ಎಂದು ಖಾಸಗಿ ಶಾಲೆಯೊಂದು ಹೇಳಿತು. ತಂದೆ ನ್ಯಾಯಾಲಯಕ್ಕೆ ಹೋದರು. 1983ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹುಡುಗನ ಪರ ತೀರ್ಪು ಕೊಟ್ಟಿತು. ಪರದೇಶದಲ್ಲಿ ಮಕ್ಕಳನ್ನು ಓದಿಸುವ ಭಾರತೀಯರೆಲ್ಲರೂ ತಿಳಿದಿರಬೇಕಾದ ಮೊಕದ್ದಮೆ ಇದು.

ಎರಡು: ಅದೇ ದೇಶದ ಎಕ್ಸೆಟರ್ ನಗರದಲ್ಲಿ, 2017ರ ಜೂನ್ ತಿಂಗಳ ಬಿಸಿಲಲ್ಲಿ, ಚಡ್ಡಿ ಹಾಕಿಕೊಳ್ಳಲು ಹುಡುಗರು ಅನುಮತಿ ಕೇಳಿದರು. ನಿಯಮದಲ್ಲಿ ಇಲ್ಲ ಎಂಬ ಉತ್ತರ ಬಂತು. ಸ್ಕರ್ಟ್ ನಿಯಮದಲ್ಲಿ ಇತ್ತಲ್ಲ! ಹುಡುಗರು ಸ್ಕರ್ಟ್ ತೊಟ್ಟು ಶಾಲೆಗೆ ಬಂದರು. ಯಾರೂ ನಿಯಮ ಮುರಿಯಲಿಲ್ಲ, ಯಾರಿಗೂ ಬೈಯಲಿಲ್ಲ. ಮುಂದೆ ಚಡ್ಡಿಗೂ ಒಪ್ಪಿಗೆ ಸಿಕ್ಕಿತು. ಕೋಪಕ್ಕಿಂತ ನಗು ಕೆಲವೊಮ್ಮೆ ಬೇಗ ಕೆಲಸ ಮಾಡುತ್ತದೆ.

ಮೂರು: ಜಪಾನಿನ ಒಸಾಕಾದಲ್ಲಿ ಒಬ್ಬ ವಿದ್ಯಾರ್ಥಿನಿಗೆ ಕೂದಲನ್ನು ಕಪ್ಪು ಮಾಡಿಕೊಂಡು ಬಾ ಎಂದು ಶಾಲೆ ಮತ್ತೆ ಮತ್ತೆ ಹೇಳಿತು. ತನ್ನ ಕೂದಲು ಹುಟ್ಟಿನಿಂದಲೇ ಕಂದು ಎಂದು ಅವಳು ಹೇಳಿದಳು. ಕೊನೆಗೆ ಶಾಲೆಗೆ ಬರುವುದನ್ನೇ ಬಿಟ್ಟಳು. ಶಾಲೆ ಅವಳ ಮೇಜನ್ನು ತರಗತಿಯಿಂದ ತೆಗೆಯಿತು, ಹೆಸರನ್ನು ಪಟ್ಟಿಯಿಂದ ಕೈಬಿಟ್ಟಿತು. 2021ರಲ್ಲಿ ಬಂದ ತೀರ್ಪು ಕುತೂಹಲಕರವಾಗಿದೆ. ಕೂದಲಿನ ಬಗ್ಗೆ ನಿಯಮ ಮಾಡುವುದು ಶಾಲೆಯ ಅಧಿಕಾರ ಎಂದು ನ್ಯಾಯಾಲಯ ಒಪ್ಪಿತು. ಆದರೆ ಮೇಜು ತೆಗೆದದ್ದು, ಹೆಸರು ಅಳಿಸಿದ್ದು ತಪ್ಪು ಎಂದು 3,30,000 ಯೆನ್ ಪರಿಹಾರ ಕೊಡಿಸಿತು.

ನಾಲ್ಕು: ನಮ್ಮ ಕರ್ನಾಟಕದ್ದೇ. 2022ರ ಆರಂಭದಲ್ಲಿ ಉಡುಪಿಯ ಕಾಲೇಜಿನಿಂದ ಮೊದಲಾದ ಹಿಜಾಬ್ ವಿವಾದ ರಾಜ್ಯವಿಡೀ ಹಬ್ಬಿತು. ಫೆಬ್ರವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಸೂಕ್ತ ಪೀಠ ರಚನೆಗಾಗಿ ಪ್ರಕರಣವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಲಾಯಿತು. ಒಂದೇ ಸಂವಿಧಾನ ಓದಿದ ಇಬ್ಬರು ವಿದ್ವಾಂಸರು ಎರಡು ದಾರಿ ಹಿಡಿದರೆಂದರೆ ಪ್ರಶ್ನೆ ಎಷ್ಟು ಕಠಿಣ ಎಂದು ತಿಳಿಯುತ್ತದೆ. ಆ ಪ್ರಶ್ನೆಯನ್ನು ಇಲ್ಲಿ ಬಿಡಿಸಲು ನಾವು ಹೊರಟಿಲ್ಲ. ಆದರೆ ದೊಡ್ಡವರ ವಾದಗಳು ನಡೆಯುತ್ತಿದ್ದಾಗ ಹಲವು ವಿದ್ಯಾರ್ಥಿನಿಯರಿಗೆ ತರಗತಿಗಳೂ ಪರೀಕ್ಷೆಗಳೂ ತಪ್ಪಿಹೋದವು. ಆ ದಿನಗಳನ್ನು ಯಾವ ತೀರ್ಪೂ ಹಿಂದಕ್ಕೆ ತಂದುಕೊಡಲಾರದು.

ತಪ್ಪು ಯಾರದು, ಶಿಕ್ಷೆ ಯಾರಿಗೆ?

ಈ ಪ್ರಸಂಗಗಳಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ನಿಯಮ ಬಿಗಿಯಾಗಿರಬೇಕೇ ಎಂಬುದು ಒಂದು ಪ್ರಶ್ನೆ. ನಿಯಮ ತಪ್ಪಿದ ಮಗುವನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದು ಇನ್ನೊಂದು ಪ್ರಶ್ನೆ. ಚರ್ಚೆಯಲ್ಲಿ ನಾವು ಎರಡನ್ನೂ ಕಲಸಿಬಿಡುತ್ತೇವೆ.

ಮೂರನೆಯ ತರಗತಿಯ ಮಗು ಕಂದು ಚಪ್ಪಲಿಯಲ್ಲಿ ಬಂದಿದೆ ಎನ್ನೋಣ. ಶೂವಿನ ಅಟ್ಟೆ ನಿನ್ನೆ ಕಿತ್ತುಹೋಗಿರಬಹುದು. ತಿಂಗಳ ಕೊನೆಯ ವಾರವಾಗಿರಬಹುದು. ಅಪ್ಪ ದೂರದ ಸೈಟಿನಲ್ಲಿದ್ದು ವಾರಕ್ಕೊಮ್ಮೆ ಮನೆಗೆ ಬರುವವರಿರಬಹುದು. ಅಂಗಡಿಯಲ್ಲಿ ಅಳತೆ ಸಿಗದಿರಬಹುದು. ಏಪ್ರಿಲ್‌ನಲ್ಲಿ ಹೊಸ ವರ್ಷದ ತರಗತಿ ತೆರೆದಾಗ ರೂವಿಯ ಅಂಗಡಿಗಳ ನೂಕುನುಗ್ಗಲು ಎಲ್ಲರಿಗೂ ಗೊತ್ತು. ಇವುಗಳಲ್ಲಿ ಯಾವುದು ಆ ಮಗುವಿನ ತಪ್ಪು? ಅದನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸಿದರೆ ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂದಂತಾಯಿತು. ಹತ್ತನೆಯ ತರಗತಿಯ ಹುಡುಗ ಮನೆಯಲ್ಲಿ ಕಪ್ಪು ಶೂ ಇದ್ದೂ ಬೇಕೆಂದೇ ಬಣ್ಣದ ಶೂ ಹಾಕಿಕೊಂಡು ಬಂದರೆ ಮಾತು ಬೇರೆ. ಅವನನ್ನು ಕರೆದು ಕೇಳಬೇಕು, ತಿದ್ದಬೇಕು. ಆದರೆ ಅವನಿಗೂ ಗಣಿತದ ಪಾಠ ತಪ್ಪಬಾರದು.

ಭಾರತದ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಆ ಕಾಯಿದೆ ಕಡಲಾಚೆಯ ಈ ಊರಿಗೆ ಅನ್ವಯಿಸದಿದ್ದರೂ ಅದರ ಆಶಯ ನಮ್ಮದೇ ಅಲ್ಲವೇ?

ಈಗ ‘ಸಮ’ ಎಂಬ ಪದದ ಎರಡನೆಯ ಅರ್ಥಕ್ಕೆ ಬರೋಣ. ಯಾರೂ ಯಾರಿಗಿಂತ ಕಡಿಮೆ ಎಂದು ಕಾಣಬಾರದೆಂದು ಸಮವಸ್ತ್ರ ತಂದೆವು. ಅದೇ ಸಮವಸ್ತ್ರದ ಹೆಸರಿನಲ್ಲಿ ಒಂದು ಮಗುವನ್ನು ಸಾವಿರ ಕಣ್ಣುಗಳ ಎದುರು ಬೇರೆಯಾಗಿ ನಿಲ್ಲಿಸಿದರೆ ವಸ್ತ್ರ ಉಳಿಯಿತು, ಸಮ ಹೋಯಿತು.

ನಮ್ಮ ಅಭಿಪ್ರಾಯ

ನಿಯಮ ಇರಲಿ, ಎಲ್ಲರಿಗೂ ಒಂದೇ ಆಗಿರಲಿ, ಬಿಗಿಯಾಗಿಯೇ ಇರಲಿ. ಆದರೆ ಬಿಗಿ ಮಾಡುವ ಮುನ್ನ ಪ್ರತಿ ನಿಯಮಕ್ಕೂ ನಾಲ್ಕು ಪ್ರಶ್ನೆ ಕೇಳೋಣ.

1. ಇದು ಏಕೆ ಬೇಕು ಎಂದು ಒಂದನೆಯ ತರಗತಿಯ ಮಗುವಿಗೂ ಹೇಳಬಲ್ಲೆವೇ?
2. ಶಾಲೆಯಲ್ಲಿ ಅತಿ ಕಡಿಮೆ ವರಮಾನದ ಕುಟುಂಬ ಇದನ್ನು ಕೊಳ್ಳಬಲ್ಲದೇ?
3. ಇದು ಈ ಊರಿನ ಹವೆಗೆ, ಮಗುವಿನ ದೇಹಕ್ಕೆ, ಅದರ ಮನೆಯ ನಂಬಿಕೆಗೆ ಜಾಗ ಬಿಟ್ಟಿದೆಯೇ?
4. ತಪ್ಪಿದಾಗ ಮಗುವಿನ ಪಾಠವೂ ಮಾನವೂ ಉಳಿಯುತ್ತವೆಯೇ?

ಇನ್ನು ಮಾಡಬಹುದಾದ ಕೆಲಸಗಳು. ಸಮವಸ್ತ್ರ ತಪ್ಪಿದರೆ ಮಗುವಿನ ಕೈಯಲ್ಲಿ ಪೋಷಕರಿಗೆ ಒಂದು ಚೀಟಿ ಹೋಗಲಿ, ಮಗು ತರಗತಿಗೆ ಹೋಗಲಿ. ಶಾಲೆಯ ಕಚೇರಿಯಲ್ಲಿ ಒಂದೆರಡು ಹೆಚ್ಚುವರಿ ಟೈ, ಬೆಲ್ಟ್ ಇರಲಿ. ವರ್ಷದ ಕೊನೆಯಲ್ಲಿ ಚಿಕ್ಕದಾದ ಸಮವಸ್ತ್ರಗಳನ್ನು ಒಗೆದು, ಇಸ್ತ್ರಿ ಮಾಡಿ, ಒಂದು ಕಪಾಟಿನಲ್ಲಿ ಇಟ್ಟರೆ ಬೇಕಾದವರು ಯಾರನ್ನೂ ಕೇಳದೆ ಒಯ್ಯಬಹುದು. ಅಣ್ಣನ ಅಂಗಿ ತಮ್ಮನಿಗೆ ಬರುತ್ತಿದ್ದ ಮನೆಯ ಪದ್ಧತಿಯನ್ನೇ ಇಡೀ ಶಾಲೆಗೆ ಹಿಗ್ಗಿಸಿದಂತೆ.

ಪೋಷಕರಲ್ಲೂ ಒಂದು ವಿನಂತಿ. ಮಗುವಿನ ಬಟ್ಟೆಯನ್ನು ಹಿಂದಿನ ರಾತ್ರಿಯೇ ಮಗುವಿನ ಕೈಯಲ್ಲೇ ತೆಗೆದಿಡಿಸಿ. ತೊಂದರೆಯಿದ್ದರೆ ಮುಚ್ಚಿಡದೆ ತರಗತಿ ಶಿಕ್ಷಕರಿಗೆ ತಿಳಿಸಿ. ವಿದ್ಯಾರ್ಥಿಗಳೇ, ನಿಯಮ ಸರಿಯಿಲ್ಲ ಎನಿಸಿದರೆ ಕದ್ದು ಮುರಿಯಬೇಡಿ. ಕಾರಣ ಬರೆದು, ಎಲ್ಲರೂ ಸಹಿ ಹಾಕಿ, ಶಾಲೆಯ ಮುಂದಿಡಿ. ಕೇಳುವುದನ್ನು ಕಲಿಯುವುದೂ ಶಿಸ್ತಿನ ಭಾಗವೇ.

ಯೋಚಿಸಿ, ಚರ್ಚಿಸಿ

1. ಒಸಾಕಾದ ತೀರ್ಪಿನಲ್ಲಿ ನ್ಯಾಯಾಲಯ ಯಾವುದನ್ನು ಒಪ್ಪಿತು, ಯಾವುದನ್ನು ಒಪ್ಪಲಿಲ್ಲ? ನೀವು ನ್ಯಾಯಾಧೀಶರಾಗಿದ್ದರೆ ಏನು ಹೇಳುತ್ತಿದ್ದಿರಿ?
2. ನಮ್ಮ ಶಾಲೆಯ ಸಮವಸ್ತ್ರದ ಯಾವುದಾದರೂ ಒಂದು ನಿಯಮವನ್ನು ಆರಿಸಿ, ಮೇಲಿನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.
3. ಅಪ್ಪ, ಅಮ್ಮ, ಅಜ್ಜ, ಅಜ್ಜಿ ಶಾಲೆಗೆ ಏನು ತೊಟ್ಟು ಹೋಗುತ್ತಿದ್ದರು? ಕೇಳಿ, ಹತ್ತು ವಾಕ್ಯಗಳಲ್ಲಿ ಬರೆದು ತನ್ನಿ.