ಪ್ಲೇಟ್‌ಲೆಟ್ ಲೆಕ್ಕ ಸರಿ, ನಡತೆ?



ರಿಪೋರ್ಟ್ ತಲುಪಿತು. ಸಕ್ಕರೆಯ ಮಟ್ಟ ಹೇಳುವ ಎಚ್‌ಬಿಎ1ಸಿ 8.9 ಇದೆ, ಅದರ ಸುದ್ದಿಯೇ ಎತ್ತದೆ ‘ಪ್ಲೇಟ್‌ಲೆಟ್ 2.4 ಲಕ್ಷ, ರಕ್ತ ಚೆನ್ನಾಗಿದೆ’ ಅಂತ ಬರೆದಿದ್ದೀಯ. ನಮ್ಮ ಜನಕ್ಕೆ ಪ್ಲೇಟ್‌ಲೆಟ್ ಪರಿಚಯವಾದದ್ದೇ ಡೆಂಗಿಯಿಂದ. ಲೆಕ್ಕ ಇಳಿದರೆ ಪರಂಗಿ ಎಲೆ ಅರೆಯುತ್ತೇವೆ, ಒಂದೂವರೆ ಲಕ್ಷ ದಾಟಿತೋ ಮರೆಯುತ್ತೇವೆ.

ಲ್ಯಾಬಿನಲ್ಲಿ ತಲೆ ನರೆಸಿಕೊಂಡವನು ನಾನು. ಲೀಶ್‌ಮನ್ ಬಣ್ಣ ಹಾಕಿದ ಗಾಜಿನ ಮೇಲೆ ಅವು ಕೆಂಪುಕಣಗಳ ನಡುವೆ ಉದುರಿದ ನೇರಳೆ ಪುಡಿ. ಶುಗರ್ ಇದ್ದವರದೂ ಇಲ್ಲದವರದೂ ನೋಡಲು ಹೆಚ್ಚುಕಡಿಮೆ ಒಂದೇ. ಕೆಡುವುದು ನಡತೆ. ಗಾಯವಾದಾಗ ಅಂಟಿಕೊಂಡು ರಕ್ತ ನಿಲ್ಲಿಸಬೇಕಾದವು, ಸಕ್ಕರೆ ಏರಿದ ರಕ್ತದಲ್ಲಿ ಸಣ್ಣ ನೆಪಕ್ಕೂ ಗುಂಪುಕಟ್ಟುತ್ತವೆ. ಅವುಗಳ ಹೊರಪೊರೆಯ ಪ್ರೋಟೀನಿಗೆ ಸಕ್ಕರೆ ಅಂಟುವುದು ಒಂದು ಕಾರಣ. ನನ್ನ ಕೇಳಿದರೆ ದೊಡ್ಡ ಕಾರಣ ರಕ್ತನಾಳದ ಒಳಪದರ. ಒಂದೇ ಜೀವಕೋಶದಷ್ಟು ದಪ್ಪದ ಆ ಪದರ ನೈಟ್ರಿಕ್ ಆಕ್ಸೈಡ್, ಪ್ರೊಸ್ಟಾಸೈಕ್ಲಿನ್ ಸುರಿಸುತ್ತ ಪ್ಲೇಟ್‌ಲೆಟ್‌ಗಳನ್ನು ಹದ್ದುಬಸ್ತಿನಲ್ಲಿಡುತ್ತದೆ. ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಈ ಸರಬರಾಜು ಕುಗ್ಗುತ್ತದೆ. ಬಂದಷ್ಟಕ್ಕೂ ಪ್ಲೇಟ್‌ಲೆಟ್ ಸರಿಯಾಗಿ ಬಗ್ಗುವುದಿಲ್ಲ. ಮೇಷ್ಟ್ರು ಎದ್ದುಹೋದ ಕ್ಲಾಸು! ಆಮೇಲೆ ಕೊಬ್ಬು ಕಟ್ಟಿದ ನಾಳದಲ್ಲಿ ಒಂದು ಬಿರುಕು ಬಿಟ್ಟರೆ ಸಾಕು, ಹೆಪ್ಪು. ಹೃದಯದಲ್ಲಾದರೆ ಹಾರ್ಟ್ ಅಟ್ಯಾಕ್, ಮೆದುಳಿನಲ್ಲಾದರೆ ಲಕ್ವ. ಪ್ಲೇಟ್‌ಲೆಟ್ ಬದುಕುವುದು ಹೆಚ್ಚೆಂದರೆ ಹತ್ತು ದಿನ, ಮಜ್ಜೆಯಿಂದ ಹೊಸವು ಬರುತ್ತಲೇ ಇರುತ್ತವೆ. ಪೆಟ್ಟು ತಿಂದ ನಾಳ ಅಷ್ಟು ಸುಲಭವಾಗಿ ಹೊಸದಾಗದು.

ದಿನಾ ಒಂದು ಆಸ್ಪಿರಿನ್ ನುಂಗಿಬಿಡಲೇ ಅಂತ ಕೇಳುತ್ತೀಯ, ಗೊತ್ತು. ಡಾಕ್ಟರ್ ಹೇಳದೆ ಬೇಡ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಸೆಂಡ್ ಅಧ್ಯಯನದಲ್ಲಿ, ಹೃದ್ರೋಗ ಕಾಣಿಸಿಕೊಳ್ಳದ 15,480 ಮಧುಮೇಹಿಗಳಿದ್ದರು. ಏಳು ವರ್ಷ ದಾಟುವಷ್ಟರಲ್ಲಿ ಹೃದಯ, ಮೆದುಳಿನ ಆಘಾತದಂಥ ತೊಂದರೆ ಆಸ್ಪಿರಿನ್ ಇಲ್ಲದವರಲ್ಲಿ ಶೇ. 9.6, ತೆಗೆದುಕೊಂಡವರಲ್ಲಿ ಶೇ. 8.5. ಆದರೆ ದೊಡ್ಡ ರಕ್ತಸ್ರಾವ ಶೇ. 3.2ರಿಂದ 4.1ಕ್ಕೆ ಏರಿತ್ತು. ಒಂದು ಕೈಲಿ ಬಂದದ್ದು ಇನ್ನೊಂದು ಕೈಲಿ ಹೋಯಿತು. ಸ್ಟೆಂಟ್ ಹಾಕಿಸಿಕೊಂಡವರ ಮಾತು ಬೇರೆ. ಅವರು ಆಸ್ಪಿರಿನ್ ಅನ್ನು ತಾವಾಗಿ ನಿಲ್ಲಿಸಲೂಬಾರದು.

ನಿನಗೆ ಬೇಕಿರುವುದು ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಹತೋಟಿ. ಸಿಗರೇಟು ಇವತ್ತೇ ಬಿಡು, ಚೌಕಾಸಿ ಬೇಡ. ಮಲಗುವ ಮುಂಚೆ ಪಾದ, ಬೆರಳ ಸಂದು ನೋಡಿಕೋ. ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಅಂತ ಪರೀಕ್ಷೆ ಮಾಡಿಸು; ಕಿಡ್ನಿಯ ಸಣ್ಣ ನಾಳಗಳು ಸೋರತೊಡಗಿದ್ದರೆ ಅದು ಬೇಗ ಹೇಳುತ್ತದೆ. ಆ ರಿಪೋರ್ಟನ್ನು ಡಾಕ್ಟರಿಗೆ ತೋರಿಸಿ, ನನಗೂ ಒಂದು ಪ್ರತಿ ಕಳಿಸು.

ಇಂತಿ,
ನಿನ್ನ ಚಿಕ್ಕಪ್ಪ