ಶೈತ್ಯವೂ ವಿದ್ಯುದ್ವಾಹನವೂ

ಜೀವವಿಲ್ಲದ ಯಂತ್ರಕ್ಕೆ ಚಳಿಯ ಬಾಧೆಯಿಲ್ಲವೆಂದು ಜನಸಾಮಾನ್ಯರು ಭಾವಿಸುವುದುಂಟು. ವಿದ್ಯುಚ್ಛಕ್ತಿಯಿಂದ ಚಲಿಸುವ ವಾಹನವು ಈ ಭಾವನೆಗೆ ಅಪವಾದವಾಗಿದೆ. ಅದರ ಒಡಲಲ್ಲಿರುವ ಬ್ಯಾಟರಿಯು ರಾಸಾಯನಿಕ ಕ್ರಿಯೆಯನ್ನು ಅವಲಂಬಿಸಿರುವುದರಿಂದ ಶೀತೋಷ್ಣಗಳ ಪ್ರಭಾವಕ್ಕೆ ಒಳಗಾಗದೆ ಇರಲಾರದು. 2024ನೆಯ ಇಸವಿಯ ಜನವರಿಯಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಉಷ್ಣತೆಯು ಶೂನ್ಯಕ್ಕಿಂತ 18 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿದಾಗ, ವಿದ್ಯುತ್ ಕಾರುಗಳು ಚಾರ್ಜಿಂಗ್ ಕೇಂದ್ರಗಳ ಮುಂದೆ ಗಂಟೆಗಟ್ಟಲೆ ಸಾಲುಗಟ್ಟಿ ನಿಂತವು. ಕೆಲವು ಅಲ್ಲಿಯೇ ಶಕ್ತಿಗುಂದಿ ಎಳೆದೊಯ್ಯಬೇಕಾದ ಸ್ಥಿತಿಗೆ ಬಂದವು. ಶೀತದೇಶಗಳಿಗೆ ಇಂಥ ವಾಹನವು ಸಲ್ಲದೆಂದು ಆಗ ಹಲವರು ತೀರ್ಪಿತ್ತರು. ಆದರೆ ಅದೇ ವರ್ಷ, ಹಿಮಕ್ಕೆ ಹೆಸರಾದ ನಾರ್ವೆ ದೇಶದಲ್ಲಿ ಮಾರಾಟವಾದ ಹೊಸ ಕಾರುಗಳ ಪೈಕಿ ಶೇಕಡಾ 88ಕ್ಕೂ ಹೆಚ್ಚಿನವು ವಿದ್ಯುತ್ ಕಾರುಗಳೇ ಆಗಿದ್ದವು. ಎರಡು ಕಡೆಯೂ ಚಳಿಯಿದೆ, ವಾಹನವೂ ಒಂದೇ ಬಗೆಯದು. ಫಲ ಮಾತ್ರ ಬೇರೆ. ಇದಕ್ಕೆ ಕಾರಣವೇನೆಂಬುದು ವಿಚಾರಾರ್ಹವಾಗಿದೆ.

ಈ ವಾಹನಗಳಲ್ಲಿ ಬಳಸುವುದು ಬಹುಮಟ್ಟಿಗೆ ಲಿಥಿಯಂ ಅಯಾನು ಬ್ಯಾಟರಿಯನ್ನು. ಅದರೊಳಗೆ ಎರಡು ಧ್ರುವಗಳಿದ್ದು, ಅವುಗಳ ನಡುವೆ ವಿದ್ಯುದ್ವಿಭಾಜ್ಯವೆಂಬ ದ್ರವವಿರುತ್ತದೆ. ಲಿಥಿಯಂ ಅಯಾನುಗಳು ಈ ದ್ರವದ ಮೂಲಕ ಒಂದು ಧ್ರುವದಿಂದ ಇನ್ನೊಂದಕ್ಕೆ ಸಂಚರಿಸಿದಾಗಲೇ ವಿದ್ಯುತ್ತು ದೊರೆಯುವುದು. ಉಷ್ಣತೆ ತಗ್ಗಿದಂತೆ ರಾಸಾಯನಿಕ ಕ್ರಿಯೆಯ ವೇಗವೂ ತಗ್ಗುವುದೆಂಬ ತತ್ತ್ವವನ್ನು ಸ್ವೀಡನ್ ದೇಶದ ವಿಜ್ಞಾನಿ ಸ್ವಾಂಟೆ ಅರೇನಿಯಸ್ 1889ರಷ್ಟು ಹಿಂದೆಯೇ ಗಣಿತಸೂತ್ರದಲ್ಲಿ ನಿರೂಪಿಸಿದ್ದನು. ಚಳಿಯಲ್ಲಿ ಬ್ಯಾಟರಿಯ ದ್ರವವು ಮಂದವಾಗುತ್ತದೆ. ಅಯಾನುಗಳ ಗತಿ ಕುಂಠಿತವಾಗುತ್ತದೆ. ಆಂತರಿಕ ರೋಧ ಹೆಚ್ಚುತ್ತದೆ. ಚಳಿಗಾಲದ ಬೆಳಗಿನಲ್ಲಿ ಗಡಿಗೆಯೊಳಗಿನ ತುಪ್ಪ ಗಟ್ಟಿಯಾಗುವುದನ್ನು ಎಲ್ಲರೂ ಬಲ್ಲರು. ಆಗ ತುಪ್ಪವು ಕಡಿಮೆಯಾಗಿಲ್ಲ. ಬಗ್ಗಿಸಿದರೆ ಸುರಿಯುವುದಿಲ್ಲ, ಅಷ್ಟೇ. ಬ್ಯಾಟರಿಯ ಶಕ್ತಿಯೂ ಹಾಗೆಯೇ ನಾಶವಾಗದೆ, ಬೇಕಾದಷ್ಟು ಹೊರಬರಲಾರದೆ ಉಳಿಯುತ್ತದೆ. ಬಿಸುಪು ತಾಗಿದೊಡನೆ ಮರಳಿ ಲಭಿಸುತ್ತದೆ.

ಆದರೆ ಬ್ಯಾಟರಿಯ ಜಡತ್ವವೊಂದೇ ಇಲ್ಲಿನ ತೊಡಕಲ್ಲ. ಅಮೆರಿಕದ ವಾಹನ ಸಂಘವಾದ ಎಎಎ 2019ರಲ್ಲಿ ಐದು ವಿದ್ಯುತ್ ಕಾರುಗಳನ್ನು ಪರೀಕ್ಷಿಸಿತು. ಶೂನ್ಯಕ್ಕಿಂತ ಸುಮಾರು 7 ಡಿಗ್ರಿ ಕೆಳಗಿನ ಚಳಿಯಲ್ಲಿ, ಒಳಗಿನ ಹೀಟರನ್ನು ಬಳಸದಿದ್ದಾಗ ಅವು ಕ್ರಮಿಸುವ ದೂರವು ಸರಾಸರಿ ಶೇಕಡಾ 12ರಷ್ಟು ಕುಗ್ಗಿತು. ಹೀಟರನ್ನು ಬಳಸಿದಾಗ ಶೇಕಡಾ 41ರಷ್ಟು ಕುಗ್ಗಿತು. ಅಂದರೆ ನಷ್ಟದ ಬಹುಪಾಲು ಪ್ರಯಾಣಿಕರನ್ನು ಬೆಚ್ಚಗಿಡುವುದಕ್ಕೆ ತೆತ್ತ ಬೆಲೆಯಾಗಿದೆ. ಪೆಟ್ರೋಲ್ ಎಂಜಿನ್ನು ಇಂಧನದ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಶಾಖವಾಗಿ ಪೋಲುಮಾಡುತ್ತದೆ. ಆ ಪೋಲಾದ ಶಾಖವೇ ಚಳಿಗಾಲದಲ್ಲಿ ಕಾರಿನ ಒಳಗನ್ನು ಬೆಚ್ಚಗಿಡುತ್ತದೆ. ವಿದ್ಯುತ್ ಮೋಟಾರು ಅತ್ಯಂತ ಮಿತವ್ಯಯಿ. ಅದರಿಂದ ಹೊರಬೀಳುವ ಶಾಖ ಅತ್ಯಲ್ಪ. ಬೇಸಗೆಯ ಗುಣವೇ ಹೀಗೆ ಚಳಿಗಾಲದ ಕೊರತೆಯಾಗುತ್ತದೆ. ಇದನ್ನರಿತ ತಯಾರಕರು ಹೊಸ ಕಾರುಗಳಲ್ಲಿ ಹೀಟ್ ಪಂಪ್ ಎಂಬ ಸಾಧನವನ್ನು ಅಳವಡಿಸುತ್ತಿದ್ದಾರೆ. ಅದು ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಸೆಳೆದು ಒಳಕ್ಕೆ ತರುವುದರಿಂದ ಅಲ್ಪ ವಿದ್ಯುತ್ತಿನಲ್ಲಿ ಹೆಚ್ಚು ಬಿಸುಪನ್ನು ಕೊಡುತ್ತದೆ. ಚಳಿ ಅತಿ ತೀವ್ರವಾದಾಗ ಮಾತ್ರ ಈ ಲಾಭವು ಕುಗ್ಗುತ್ತದೆ.

ದೂರ ಕುಗ್ಗುವುದು ತಾತ್ಕಾಲಿಕವಾದ ಅನಾನುಕೂಲ. ಶಾಶ್ವತವಾದ ಹಾನಿಯು ಸಂಭವಿಸುವುದು ಚಾರ್ಜು ಮಾಡುವಾಗ. ಹೆಪ್ಪುಗಟ್ಟುವ ಚಳಿಯಲ್ಲಿ ಬ್ಯಾಟರಿಗೆ ರಭಸದಿಂದ ವಿದ್ಯುತ್ತನ್ನು ತುಂಬಿದರೆ, ಲಿಥಿಯಂ ಅಯಾನುಗಳು ಗ್ರಾಫೈಟ್ ಧ್ರುವದ ಪದರಗಳೊಳಗೆ ಸೇರಲಾರದೆ ಅದರ ಮೇಲೆಯೇ ಲೋಹವಾಗಿ ಲೇಪಗೊಳ್ಳುತ್ತವೆ. ಇದರಿಂದ ಬ್ಯಾಟರಿಯ ಸಾಮರ್ಥ್ಯವು ಕ್ಷೀಣಿಸುತ್ತದೆ; ಲೇಪವು ಮುಳ್ಳಿನಂತೆ ಬೆಳೆದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಉಂಟಾಗುವ ಅಪಾಯವೂ ಇದೆ. ಈ ಕಾರಣದಿಂದಲೇ ವಾಹನದ ನಿಯಂತ್ರಣ ವ್ಯವಸ್ಥೆಯು ತಣ್ಣಗಿರುವ ಬ್ಯಾಟರಿಗೆ ವಿದ್ಯುತ್ತನ್ನು ನಿಧಾನವಾಗಿ ಬಿಡುತ್ತದೆ. ಷಿಕಾಗೋ ನಗರದಲ್ಲಿ ಸಾಲು ಕರಗದಿದ್ದುದಕ್ಕೆ ಇದೊಂದು ಮುಖ್ಯ ಕಾರಣ. ತಣ್ಣಗಾದ, ಬರಿದಾದ ಬ್ಯಾಟರಿಯೊಡನೆ ಬಂದವರು ಬಹುಕಾಲ ಕಾಯಬೇಕಾಯಿತು; ಅವರ ಹಿಂದಿದ್ದವರು ಕಾಯುತ್ತಲೇ ಉಳಿದ ಶಕ್ತಿಯನ್ನೂ ಕಳೆದುಕೊಂಡರು.

ಆದುದರಿಂದ ಶೀತಪ್ರದೇಶದಲ್ಲಿ ಈ ವಾಹನದ ಪೋಷಣೆಯು ಕೆಲವು ನಿಯಮಗಳನ್ನು ಅಪೇಕ್ಷಿಸುತ್ತದೆ. ಹೊರಡುವ ಮುನ್ನ, ಮನೆಯ ವಿದ್ಯುತ್ತಿಗೆ ಜೋಡಿಸಿರುವಾಗಲೇ ಬ್ಯಾಟರಿಯನ್ನೂ ಕಾರಿನ ಒಳಗನ್ನೂ ಬೆಚ್ಚಗೆ ಮಾಡಿಕೊಳ್ಳಬೇಕು. ಪ್ರಯಾಣ ಮುಗಿದೊಡನೆ, ಬ್ಯಾಟರಿ ಇನ್ನೂ ಬಿಸಿಯಾಗಿರುವಾಗಲೇ, ಚಾರ್ಜು ಮಾಡುವುದು ಲೇಸು. ಶಕ್ತಿಯು ತೀರ ಬರಿದಾಗುವವರೆಗೆ ಬಿಡಬಾರದು. ಇಡೀ ಕಾರಿನ ಗಾಳಿಯನ್ನು ಕಾಯಿಸುವುದಕ್ಕಿಂತ ಆಸನವನ್ನು ಕಾಯಿಸುವುದರಲ್ಲಿ ವ್ಯಯ ಕಡಿಮೆ. ಉಷ್ಣತೆ 5–6 ಡಿಗ್ರಿ ಇಳಿದಾಗಲೆಲ್ಲ ಟೈರಿನ ಒತ್ತಡವು ಸುಮಾರು 1 ಪೌಂಡಿನಷ್ಟು ಇಳಿಯುವುದರಿಂದ ಗಾಳಿಯನ್ನು ಆಗಾಗ ಪರೀಕ್ಷಿಸಬೇಕು. ಬೀಗ, ದೀಪಗಳಿಗೆ ಆಧಾರವಾದ 12 ವೋಲ್ಟಿನ ಸಣ್ಣ ಬ್ಯಾಟರಿಯನ್ನು ಕಡೆಗಣಿಸಲಾಗದು. ಅದು ಸೋತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ವಾಹನವು ಹೊರಡಲಾರದು. ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಲೋಹವನ್ನು ತಿನ್ನುವುದರಿಂದ ತಳಭಾಗವನ್ನು ತೊಳೆಯುತ್ತಿರಬೇಕು. ತಣ್ಣಗಿರುವ ಬ್ಯಾಟರಿಯು ಬ್ರೇಕಿನಿಂದ ಮರಳುವ ವಿದ್ಯುತ್ತನ್ನು ಪೂರ್ತಿಯಾಗಿ ಸ್ವೀಕರಿಸಲಾರದು. ಆಗ ವಾಹನವು ತಾನಾಗಿ ನಿಧಾನಿಸುವುದು ಕಡಿಮೆಯಾಗುವುದರಿಂದ ಚಾಲಕನು ಎಚ್ಚರದಿಂದಿರಬೇಕು.

ನಾರ್ವೆಯ ಜನರಿಗೆ ಚಳಿಯು ಅನಿರೀಕ್ಷಿತ ಅತಿಥಿಯಲ್ಲ. ಅಲ್ಲಿ ಬಹುಮಂದಿ ರಾತ್ರಿ ಮನೆಯಲ್ಲಿಯೇ ಚಾರ್ಜು ಮಾಡುತ್ತಾರೆ. ಹೆದ್ದಾರಿಗಳಲ್ಲಿ ಚಾರ್ಜಿಂಗ್ ಕೇಂದ್ರಗಳು ಹೇರಳವಾಗಿವೆ. ಕೆನಡಾ, ಫಿನ್‌ಲೆಂಡ್ ಮೊದಲಾದ ದೇಶಗಳಲ್ಲಿ ಪೆಟ್ರೋಲ್ ಕಾರಿನ ಎಂಜಿನ್ನನ್ನೂ ಚಳಿಯ ರಾತ್ರಿಗಳಲ್ಲಿ ವಿದ್ಯುತ್ತಿನಿಂದ ಬೆಚ್ಚಗಿಡುವ ರೂಢಿ ಹಿಂದಿನಿಂದಲೂ ಇದೆ. ಚಳಿಯು ಎಲ್ಲ ಯಂತ್ರಗಳಿಗೂ ಸಮಾನವಾದ ಪರೀಕ್ಷೆ, ಸಿದ್ಧತೆಯುಳ್ಳವರು ಉತ್ತೀರ್ಣರಾಗುತ್ತಾರೆ. ಯಂತ್ರದ ಸ್ವಭಾವವನ್ನು ಅರಿಯದೆ ಅದನ್ನು ಹಳಿಯುವುದು ಸುಲಭ. ಅರಿತು ನಡೆಸಿಕೊಂಡರೆ ಅದು ಹಿಮದ ನಡುವೆಯೂ ಸೇವೆ ಸಲ್ಲಿಸುವುದೆಂಬುದಕ್ಕೆ ನಾರ್ವೆಯ ರಸ್ತೆಗಳೇ ಸಾಕ್ಷಿಯಾಗಿವೆ.