ಭೀಷ್ಮನಿಗೆ ಬೇಕಾದ ಕಾಲು

ಬಡಗುತಿಟ್ಟಿನ ಕುಣಿತದಲ್ಲಿ ವಯಸ್ಸು ಮೊದಲು ಗೊತ್ತಾಗುವುದು ಮಂಡಿ ಹಾಕುವಾಗ. ರಂಗಸ್ಥಳದ ನಡುವೆ ಮೊಣಕಾಲೂರಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮೈಭಾರ ದಾಟಿಸುತ್ತ ಗಿರ್ರನೆ ಸುತ್ತುವ ಆ ಕುಣಿತವೇ ಅಭಿಮನ್ಯು, ಬಭ್ರುವಾಹನರಂಥ ವೇಷಗಳ ಜೀವ. ಚಂಡೆಯ ಪೆಟ್ಟು ಏರುತ್ತದೆ, ಸಭೆಯಲ್ಲಿ ಸಿಳ್ಳೆ ಬೀಳುತ್ತದೆ, ಸುತ್ತುವವನಿಗೆ ತನ್ನ ಮೈಯ ಪರಿವೆಯೇ ಇರುವುದಿಲ್ಲ. ಆ ಸುಖವನ್ನು ನಾನೂ ಹೊಟ್ಟೆ ತುಂಬ ಉಂಡಿದ್ದೇನೆ. ಅರವತ್ತು ದಾಟಿದ ಮೇಲೆ ಅದೇ ಮೊಣಕಾಲು ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವಾಗಲೇ ಲೆಕ್ಕ ಕೇಳುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮ ಕಡೆ ಸಿಗುವ ಸಲಹೆ ಒಂದೇ: ‘ವೇಷ ಸಾಕು ಮಾರಾಯ್ರೆ, ಇನ್ನು ತಾಳಮದ್ದಳೆಗೆ ಬನ್ನಿ.’ ತಾಳಮದ್ದಳೆಯ ಅರ್ಥಗಾರಿಕೆ ದೊಡ್ಡ ವಿದ್ಯೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ನಾನು ಯಕ್ಷಗಾನಕ್ಕೆ ಬಂದದ್ದು ಕಾಲಿನ ದಾರಿಯಿಂದ. ಮಾತು ಆಮೇಲೆ ಕೂಡಿಕೊಂಡಿತು. ಹವ್ಯಾಸಿ ವೇಷಧಾರಿಯಾದ ನನಗೆ ಕುಣಿತವೇ ಹೊಟ್ಟೆಪಾಡಲ್ಲ, ಬಿಡು ಅಂದರೆ ಬಿಡಬಹುದಿತ್ತು. ಬಿಡುವ ಮನಸ್ಸು ಮಾತ್ರ ಬರಲಿಲ್ಲ. ಪ್ರಾಯದಲ್ಲಿ ಕುಣಿತವನ್ನು ಮೈಬಲದಿಂದ ದಾಟಿಸಿಕೊಂಡು ಹೋಗುತ್ತಿದ್ದೆ. ಬಲ ಇಳಿದ ಮೇಲೆಯೇ ಅದರ ಒಳಗುಟ್ಟು ಕಲಿಯುವ ಗರಜು ಹುಟ್ಟಿತು. ಈ ಕಲಿಕೆ ನನಗೆ ಮೊದಲಿನದಕ್ಕಿಂತ ಹೆಚ್ಚು ರುಚಿಸಿದೆ.

ಹೆಜ್ಜೆಯನ್ನೇ ತೆಗೆದುಕೊಳ್ಳಿ. ಕಾಲಿಗೆ ಗೆಜ್ಜೆ ಬಿದ್ದರೆ ಹೇಗೆ ತುಳಿದರೂ ಘಲ್ಲೆನ್ನುತ್ತದೆ. ಹುಡುಗರು ನೆಲಕ್ಕೆ ಅಪ್ಪಳಿಸುತ್ತಾರೆ, ಕೇಳಲು ಚೆನ್ನಾಗಿಯೂ ಇರುತ್ತದೆ. ಆದರೆ ಮೊಣಕಾಲು ಸೆಟೆದುಕೊಂಡಿರುವಾಗ ಹಿಮ್ಮಡಿ ಬಿದ್ದರೆ ಆ ಪೆಟ್ಟು ನೇರ ಮೊಣಕಾಲ ಗಂಟಿಗೆ, ಅಲ್ಲಿಂದ ಸೊಂಟಕ್ಕೆ ಏರುತ್ತದೆ. ಪಾದ ನೆಲ ಮುಟ್ಟುವ ಮೊದಲೇ ಮೊಣಕಾಲು ಸ್ವಲ್ಪ ಬಾಗಿದ್ದರೆ ಭಾರವನ್ನು ತೊಡೆ ಹಿಡಿದುಕೊಳ್ಳುತ್ತದೆ. ನಮ್ಮ ಗುರುಗಳು ಕಲಿಸುವಾಗ ‘ಕೂತು ಕುಣಿ’ ಎಂದು ಹೇಳುತ್ತಲೇ ಇದ್ದರು. ಚೆಂದಕ್ಕಾಗಿ ಹೇಳುತ್ತಾರೆ ಅಂದುಕೊಂಡಿದ್ದೆ. ಆ ನಿಲುವಿನಲ್ಲಿ ಚೆಂದವೂ ಇದೆ, ಮೂಳೆಯ ರಕ್ಷಣೆಯೂ ಇದೆ.

ಈಗ ನನ್ನ ಅಭ್ಯಾಸ ಗೆಜ್ಜೆಯಿಲ್ಲದೆ, ಬರಿಗಾಲಲ್ಲಿ, ಮನೆಯ ಅಂಗಳದಲ್ಲಿ. ಬಾಯಿತಾಳ ಹೇಳಿಕೊಳ್ಳುತ್ತ ಪಾದದ ಸದ್ದನ್ನೇ ಆಲಿಸುತ್ತೇನೆ. ಭಾರ ಸರಿಯಾಗಿ ಕೂತ ಹೆಜ್ಜೆಯ ಸದ್ದು ಚಿಕ್ಕದಾಗಿ, ದುಂಡಗಿರುತ್ತದೆ. ಧೊಪ್ಪೆಂದರೆ ಎಲ್ಲೋ ಮೈ ತಪ್ಪಿ ಬಿದ್ದಿದೆ ಎಂದರ್ಥ. ಅದೂ ನಿಧಾನ ಲಯದಲ್ಲಿ. ತ್ರಿವುಡೆಯ 7 ಅಕ್ಷರವನ್ನೋ ಝಂಪೆಯ 10 ಅಕ್ಷರವನ್ನೋ ಎಳೆದು ಹಾಕಿಕೊಂಡರೆ ಎರಡು ಪೆಟ್ಟಿನ ನಡುವೆ ಒಂಟಿಗಾಲಲ್ಲಿ ನಿಲ್ಲಬೇಕಾಗುತ್ತದೆ. ಚುರುಕು ಲಯದಲ್ಲಿ ಈ ನಿಲುವು ಯಾರಿಗೂ ಕಾಣುವುದಿಲ್ಲ, ಕುಣಿಯುವವನಿಗೂ ಕಾಣುವುದಿಲ್ಲ. ನಿಧಾನಕ್ಕೆ ಬಂದಾಗ ಪಾದದ ಒಳಬದಿ ಕುಸಿಯುವುದು, ಸೊಂಟ ಒಂದು ಪಕ್ಕಕ್ಕೆ ವಾಲುವುದು, ಹೆಬ್ಬೆರಳು ನೆಲ ಕಚ್ಚದಿರುವುದು ಎಲ್ಲ ಬಯಲಾಗುತ್ತದೆ. ವಯಸ್ಸಾದಂತೆ ಮೊದಲು ಕೈಕೊಡುವುದು ಸಮತೋಲ. ಅದನ್ನು ದಿನವೂ ಕೇಳಿ ಪಡೆಯಬೇಕು.

ಮೂಳೆ ವೈದ್ಯರ ಹತ್ತಿರ ಹೋದಾಗ ಅವರು ಕುಣಿತ ಬಿಡಲು ಹೇಳುತ್ತಾರೆಂದು ಹೆದರಿದ್ದೆ. ಅವರು ಹೇಳಿದ್ದು ತೊಡೆ ಗಟ್ಟಿ ಮಾಡಿಕೊಳ್ಳಿ ಎಂದು. ಮೊಣಕಾಲ ಸಂದಿನ ಮೃದ್ವಸ್ಥಿ ಸವೆದರೆ ಮರಳಿ ಬರುವುದಿಲ್ಲ, ಆದರೆ ಅದರ ಮೇಲಿನ ಹೊರೆ ಹಂಚಿಕೊಳ್ಳುವ ಸ್ನಾಯುವನ್ನು ಯಾವ ವಯಸ್ಸಿನಲ್ಲೂ ಬೆಳೆಸಬಹುದು. 1990ರಲ್ಲಿ ಅಮೆರಿಕದ ಒಂದು ವೃದ್ಧಾಲಯದಲ್ಲಿ ತೊಂಬತ್ತರ ಆಸುಪಾಸಿನ ಅಜ್ಜ-ಅಜ್ಜಿಯರಿಗೆ 8 ವಾರ ಕಾಲಿನ ತೂಕದ ವ್ಯಾಯಾಮ ಮಾಡಿಸಿ ನೋಡಿದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ಅವರ ಕಾಲಬಲ ದುಪ್ಪಟ್ಟಿಗೂ ಮೀರಿ ಹೆಚ್ಚಿತ್ತು. ಅದನ್ನು ಕೇಳಿದಾಗ ನನ್ನ ಅರವತ್ತು ಚಿಕ್ಕದಾಗಿ ಕಂಡಿತು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಮೆಟ್ಟಿಲನ್ನು ನಿಧಾನವಾಗಿ ಇಳಿಯುವುದು, ಇವೇ ನನ್ನ ವ್ಯಾಯಾಮ. ಏರುವುದಕ್ಕಿಂತ ಇಳಿಯುವುದರಲ್ಲಿ ತೊಡೆಗೆ ಪಾಠ ಹೆಚ್ಚು. ಕುಣಿದ ಮರುದಿನಕ್ಕಿಂತ ಅದರ ಮರುದಿನ ನೋವು ಜಾಸ್ತಿ ಇರುವುದರಿಂದ ಬೆನ್ನುಬೆನ್ನಿಗೆ ಎರಡು ಆಟ ಒಪ್ಪಿಕೊಳ್ಳುವುದನ್ನು ಬಿಟ್ಟಿದ್ದೇನೆ.

ನೆಲದ ವಿಷಯವನ್ನು ಹೇಳಲೇಬೇಕು. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಹಾಕುತ್ತಿದ್ದ ಕಾಲದಲ್ಲಿ ಮಣ್ಣು ಹೆಜ್ಜೆಯನ್ನು ಒಳಗೆ ತೆಗೆದುಕೊಳ್ಳುತ್ತಿತ್ತು. ಈಗ ಕಲ್ಯಾಣ ಮಂಟಪದ ಟೈಲ್ಸ್, ಶಾಲೆಯ ಸಿಮೆಂಟು ವೇದಿಕೆ. ಟೈಲ್ಸಿನ ಮೇಲೆ ಮಂಡಿ ಹಾಕಿಸುವ ಸಂಘಟಕರ ಮೇಲೆ ನನಗೆ ನಿಜಕ್ಕೂ ಬೇಸರವಿದೆ. ಮಕ್ಕಳ ಮೊಣಕಾಲೂ ಮೊಣಕಾಲೇ. ಹಲಗೆ ಹಾಸಿ, ಮೇಲೆ ಜಮಖಾನ ಬಿಗಿದು ಕೊಡಲು ದೊಡ್ಡ ಖರ್ಚೇನೂ ಇಲ್ಲ.

ವೇಷ ಕಟ್ಟುವುದೂ ಬದಲಾಗಿದೆ. ಮುಂಡಾಸು, ಎದೆಕಟ್ಟು, ಭುಜಕೀರ್ತಿ ಎಲ್ಲ ಏರಿದ ಮೇಲೆ ಮೈಗೆ ಬೇರೆಯೇ ತೂಕ ಬರುತ್ತದೆ. ಕಸೆ ಬಿಗಿದಷ್ಟೂ ವೇಷ ಲಾಯಕ್ಕು, ಉಸಿರಿಗೆ ಮಾತ್ರ ಜಾಗ ಕಡಿಮೆ. ಕಸೆ ಎಳೆಯುವವರಿಗೆ ಈಗ ನಾನು ಪೂರ್ತಿ ಉಸಿರು ತುಂಬಿಕೊಂಡು ನಿಂತಾಗ ಗಂಟು ಹಾಕಲು ಹೇಳುತ್ತೇನೆ. ಆಟದ ದಿನ ರಾತ್ರಿ ಗಂಜಿಯೇ ಊಟ. ಇಡೀ ರಾತ್ರಿಯ ಆಟದಲ್ಲಿ ಚೌಕಿಯಲ್ಲಿ ಕೂತು ಕೂತು ತಣ್ಣಗಾದ ಮೈಯನ್ನು ಒಮ್ಮೆಲೇ ರಂಗಕ್ಕೆ ನೂಕುವುದು ಅಪಾಯ. ಪ್ರವೇಶಕ್ಕೆ ಮೊದಲು ಚೌಕಿಯ ಹಿಂದೆ ಕತ್ತಲಲ್ಲಿ ನಾಲ್ಕು ಹೆಜ್ಜೆ ಹಾಕಿ, ಬೆವರು ಮೂಡಿದ ಮೇಲೆಯೇ ಹೋಗುತ್ತೇನೆ.

ದಾರಿ ತೋರಿಸುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದರು. ಅವರ ಕಡೆಗಾಲದ ಕೀಚಕನನ್ನು ನೋಡುವಾಗ ನನ್ನ ಕಣ್ಣು ಅವರ ಕಾಲಿನ ಮೇಲೆಯೇ ಇರುತ್ತಿತ್ತು. ಹೆಜ್ಜೆಗಳನ್ನು ಉದುರಿಸಿದ್ದರು, ತಾಳವನ್ನು ಉದುರಿಸಿರಲಿಲ್ಲ. ಕಾಲು ಬಿಟ್ಟ ಪೆಟ್ಟನ್ನು ಭುಜ ಎತ್ತಿಕೊಳ್ಳುತ್ತಿತ್ತು, ಭುಜ ಬಿಟ್ಟದ್ದನ್ನು ಹುಬ್ಬು. ಯಾವ ಹೆಜ್ಜೆ ತಾಳವನ್ನು ಹೊತ್ತು ನಿಂತಿದೆ, ಯಾವುದು ಅಲಂಕಾರ ಎಂದು ತಿಳಿದವರಿಗೆ ಮಾತ್ರ ಆ ಆಯ್ಕೆ ಸಾಧ್ಯ. ಕೆರೆಮನೆ ಶಂಭು ಹೆಗಡೆಯವರದು ಇನ್ನೊಂದು ದಾರಿ. ಮನೆಯಲ್ಲೇ ಮೇಳ ಇದ್ದರೂ ದೆಹಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆ ಕಲಿತು ಬಂದವರು ಅವರು. ರಂಗಸ್ಥಳದಲ್ಲಿ ಸುಮ್ಮನೆ ನಿಂತಾಗಲೂ ಅವರ ರಾಮ ಕುಣಿತದ ಒಳಗೇ ಇರುತ್ತಿದ್ದ. ಮದ್ದಳೆಗಾರ ಹಿರಿಯಡ್ಕ ಗೋಪಾಲರಾಯರಂತೂ ನೂರು ವರ್ಷ ಬಾಳಿ 2020ರಲ್ಲಿ ತೀರಿಕೊಂಡರು. ಇಳಿವಯಸ್ಸಿನಲ್ಲೂ ಅವರ ಬೆರಳಿಗೆ ಮದ್ದಳೆಯ ನಂಟು ಬಿಟ್ಟಿರಲಿಲ್ಲ.

ನಾನೀಗ ಅಭಿಮನ್ಯು ಮಾಡುವುದಿಲ್ಲ. ಭೀಷ್ಮಪರ್ವದ ಭೀಷ್ಮನನ್ನು ಕೈಗೆತ್ತಿಕೊಂಡಿದ್ದೇನೆ. ಬಿಳಿ ಗಡ್ಡದ, ಯುದ್ಧಕ್ಕೆ ನಿಂತ ಮುದುಕ. ಹಲವರು ಈ ವೇಷವನ್ನು ಮಾತಿನಲ್ಲೇ ಗೆಲ್ಲಿಸುತ್ತಾರೆ, ನಾಲ್ಕು ಹೆಜ್ಜೆ ಹಾಕಿ ರಥದಲ್ಲಿ ಕೂತುಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪಾಂಡವ ಸೇನೆ ನಡುಗಿದ್ದು ಅವನ ಬಿಲ್ಲಿಗೆ. ಆ ಬಿಲ್ಲಿನ ಹಿಂದಿನ ಕಾಲು ಸಭೆಗೆ ಕಾಣಬೇಕು. ಪ್ರತಿಜ್ಞೆ ಮುರಿದು ಕೃಷ್ಣ ಚಕ್ರ ಹಿಡಿದು ಬರುವಾಗ ಭೀಷ್ಮ ಯುದ್ಧ ಕುಣಿತದಿಂದ ಒಮ್ಮೆಲೇ ನಿಂತು ಕೈಮುಗಿಯಬೇಕು. ಮುಕ್ತಾಯದ ಕೊನೆಯ ಪೆಟ್ಟು ಮತ್ತು ಮೈ ಒಂದೇ ಕ್ಷಣಕ್ಕೆ ನಿಲ್ಲಬೇಕು, ಕೂಡಲೇ ಏದುಸಿರಿಲ್ಲದೆ ಅರ್ಥ ಶುರುವಾಗಬೇಕು. ಪ್ರಾಯದಲ್ಲಿ ನನಗೆ ಇದು ಬರುತ್ತಿರಲಿಲ್ಲ. ನಿಂತ ಮೇಲೂ ಮೈ ಮುಂದಕ್ಕೆ ಹರಿಯುತ್ತಿತ್ತು. ಈಗ ಹೆಜ್ಜೆ ಬೀಳುವಾಗ ಉಸಿರು ಬಿಡುವುದನ್ನು ರೂಢಿಸಿಕೊಂಡು ಅದು ಒಂದಿಷ್ಟು ಕೈಗೆ ಸಿಕ್ಕಿದೆ.

ಈ ತಿರುಗಾಟದ ಅರ್ಜುನ ಇಪ್ಪತ್ತೆರಡರ ಹುಡುಗ, ಒಳ್ಳೆಯ ಕಾಲು. ‘ನಿಮಗೆ ಬೇಕಾದರೆ ಲಯ ಇಳಿಸೋಣ’ ಅಂದ. ಬೇಡ ಮಗಾ, ನೀನು ನಿನ್ನ ಲಯದಲ್ಲೇ ಕುಣಿ, ಸುತ್ತ ಮಂಡಿ ಹಾಕು ಎಂದಿದ್ದೇನೆ. ನಾನು ನಡುವೆ ನಿಂತು, ಅವನ ಎರಡು ಹೆಜ್ಜೆಗೆ ನನ್ನ ಒಂದರಂತೆ, ಬಿಲ್ಲು ಇಳಿಸದೆ ತಿರುಗುತ್ತೇನೆ. ಭಾಗವತರೂ ಒಪ್ಪಿದ್ದಾರೆ. ಬಲಕ್ಕೆ ತಿರುಗುವುದು ಸರಿಬಂದಿದೆ. ಎಡಕ್ಕೆ ತಿರುಗುವಾಗ ಹಿಮ್ಮಡಿ ಇನ್ನೂ ಒಂದು ಗುಲಗಂಜಿಯಷ್ಟು ತಡವಾಗಿ ಬೀಳುತ್ತಿದೆ. ದೀಪಾವಳಿಯ ಒಳಗೆ ಅದನ್ನು ತಿದ್ದಿಕೊಳ್ಳಬೇಕು.